ವೈರಸ್ ಬರದ ಹವಾಯಿ ಪಪ್ಪಾಯಿ ಸಸಿ, ಪೇಟೆಂಟ್ ಐತಿ ಅಂತ 45 ರೂಪಾಯಿ ಕೇಳಾಕತ್ತಾರ, ಖರೆ ಏನ್ರಿ?

ಹೊಳಿದಂಡಿ_ಜಮಖಂಡಿ:

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮದು ಜಮಖಂಡಿ ತಾಲೂಕ, ಕೃಷ್ಣಾ ಹೊಳಿ ದಂಡಿ ಹೊಲ. ಕಬ್ಬಿನ ಬಿಲ್ಲಿಗೆ ಕಾದು ಕಾದು ಸಾಕಾಗಿ ಹೋದ ವರ್ಷ ಒಂದೂವರಿ ಎಕರೆ ಪಪ್ಪಾಯಿ ಹಚ್ಚಿದ್ವಿ, ತೈವಾನ್ 786 ತಳಿ, 7 ಬೈ 6 ಅಡಿ ಅಳತಿ, 1,550 ಸಸಿ ಹಿಡಿದ್ವು. ನಾಕು ತಿಂಗಳ ತನಕ ನೋಡಿದವ್ರೆಲ್ಲಾ ಹೊಗಳಿದ್ದ ಹೊಗಳಿದ್ದು. ಐದನೇ ತಿಂಗಳಿಗೆ ಸುಳಿ ಎಲಿ ಹಳದಿ ಬಿತ್ತು, ಆಮ್ಯಾಲ ಎಲಿ ಅಗಲ ಹೋಗಿ ದಾರದಂಗ ಸಣ್ಣ ಆದ್ವು, ತೊಟ್ಟಿನ ಮ್ಯಾಲ ಎಣ್ಣಿ ಸವರಿದಂಗ ಕಡುಹಸರು ಗೆರಿ, ಕಾಯಿ ಮ್ಯಾಲ ಉಂಗುರ. ನಮ್ಮವ್ವ ನೋಡಿ "ಯಾರೋ ಬಳಿ ಒತ್ತಿ ಗುರ್ತ ಮಾಡಿ ಹೋಗ್ಯಾರಲ್ಲೋ" ಅಂದ್ಲು, ಹಂಗ ಕಾಣತಿತ್ತು. ಹೈದರಾಬಾದ್ ವ್ಯಾಪಾರಿ ಬಂದ, ಒಂದು ಹಣ್ಣು ಕೊಯ್ದು ನಾಲಿಗಿ ಮ್ಯಾಲ ಇಟ್ಟು ಉಗುಳಿ ಗಾಡಿ ತಿರುಗಿಸ್ಕೊಂಡು ಹ್ವಾದ. ಹಾಕಿದ ರೊಕ್ಕ ಅರ್ಧಾನೂ ಬರ್ಲಿಲ್ಲ.

ಈಗ ವಿಷಯ. ಗಡಿ ಕಡೆ ಒಂದು ನರ್ಸರಿಯವ (ಹೆಸರು ಬ್ಯಾಡ) ಹೇಳತಾನ, ಹವಾಯಿದಾಗ ಈ ವೈರಸ್ ಬರದಂಗ ಜೀನ್ ಹಾಕಿದ ಪಪ್ಪಾಯಿ ಮಾಡ್ಯಾರ, ಅದರ ಸಸಿ ನಮ್ಮ ಹತ್ರ ಬಂದಾವ ಅಂತ. ಹೋದ ಸಲ ನಾ ಸಸಿ 16 ರೂಪಾಯಿಗೆ ತಂದೀನಿ, ಇವ 45 ಅಂತಾನ. ಯಾಕೋ ಮಾರಾಯಾ ಇಷ್ಟು ಅಂದ್ರ "ಪೇಟೆಂಟ್ ಐತ್ರಿ ಸಾಹುಕಾರ್ರ, ಅದರ ರೊಕ್ಕ ಅಲ್ಲಿಗೆ ಕಟ್ಟಬೇಕು" ಅಂದ. ಒಂದು ಚೀಟಿ ಬ್ಯಾರೆ ಕೊಟ್ಟಾನ, ಇದರ ಬೀಜ ತೆಗೆದು ಸಸಿ ಮಾಡಿದ್ರ ಕಾನೂನು ಕ್ರಮ ಅಂತ ಬರದೈತಿ. 1,550 ಸಸಿಗೆ 45ರಂಗ ಲೆಕ್ಕ ಹಾಕಿದ್ರ 69,750 ಆಗತೈತಿ, ಮೈ ಜುಮ್ ಅಂತು.

ಕೇಳೂದು ಇಷ್ಟ. ಅಂಥಾ ಪಪ್ಪಾಯಿ ಖರೇನ ಐತೇನು? ಪೇಟೆಂಟ್ ಇರೂದು ಗಿಡದ ಮ್ಯಾಲೋ, ಮಾಡೂ ರೀತಿ ಮ್ಯಾಲೋ? ನಾ ನನ್ನ ಹೊಲದಾಗ ಬೀಜ ತೆಗೆದ್ರ ಯಾರರ ಬಂದು ಹಿಡೀತಾರೇನು?

ಬಿಸಿಲ_ಬಿಜಾಪುರ:

ಅಣ್ಣಾರ ಉಳಿದದ್ದೆಲ್ಲಾ ಆಮ್ಯಾಲ, ರೊಕ್ಕ ಕೊಟ್ಟಿಲ್ಲ ಹೌದಿಲ್ಲೋ, ಮೊದ್ಲ ಅದ ಹೇಳ್ರಿ.

ಹೊಳಿದಂಡಿ_ಜಮಖಂಡಿ:

5,000 ಅಡ್ವಾನ್ಸ್ ಕೊಟ್ಟೀನ್ರಿ. ಬಯ್ಯಬ್ಯಾಡ್ರಿ.

ಎಲಿಚುಕ್ಕಿ:

ಕಾಕಾರ, ನಾನು ಬಾಗಲಕೋಟಿಯಾಕಿ, ಸಸ್ಯರೋಗದ ಮ್ಯಾಲ ಎಂಎಸ್ಸಿ ಓದಾಕತ್ತೀನಿ, ಅದರಾಗೂ ಪಪ್ಪಾಯಿ ವೈರಸ್ಸೇ ನನ್ನ ಕೆಲಸ. ನೀವು ಬರದ ಲಕ್ಷಣ ಓದಿದ ಕೂಡ್ಲೇ ತಿಳೀತು, ಅದು ರಿಂಗ್ ಸ್ಪಾಟ್, ಉಂಗುರ ಚುಕ್ಕಿ ವೈರಸ್ ರೋಗ. ಅದನ್ನ ಸಸ್ಯಹೇನು, ಅಂದ್ರ ಎಲಿ ರಸ ಹೀರೂ ಸಣ್ಣ ಹುಳ, ಹರಡತಾವ. ಆ ಹೇನು ನಿಮ್ಮ ಪಪ್ಪಾಯಿ ಮ್ಯಾಲ ಮನಿ ಮಾಡಿ ಕೂಡಂಗಿಲ್ಲ, ಹಾದಿ ಮ್ಯಾಲ ಹೋಗೂವಾಗ ಬಂದು ಒಂದು ಸಲ ಚುಚ್ಚಿ ರುಚಿ ನೋಡಿ ಹೋಗತೈತಿ, ಅಷ್ಟರಾಗ ವೈರಸ್ ದಾಟಿರತೈತಿ. ಅದಕ್ಕ ಕೀಟನಾಶಕ ಎಣ್ಣಿ ಹೊಡದ್ರ ಹೇನು ಸಾಯತೈತಿ, ರೋಗ ನಿಲ್ಲಂಗಿಲ್ಲ.

ಹವಾಯಿ ಪಪ್ಪಾಯಿ ಖರೇನ ಐತ್ರಿ, ಅದು ಸುಳ್ಳಲ್ಲ. ಡೆನಿಸ್ ಗೊನ್ಸಾಲ್ವಿಸ್ ಅಂತ ವಿಜ್ಞಾನಿ, ಹವಾಯಿದಾಗ ಹುಟ್ಟಿ ಬೆಳೆದವ್ರು, ಕಾರ್ನೆಲ್ ವಿಶ್ವವಿದ್ಯಾಲಯದಾಗ ಇದ್ರು. ಹವಾಯಿ ಪಪ್ಪಾಯಿ ಬಹುಪಾಲು ಪುನಾ ಅನ್ನೂ ಒಂದ ಭಾಗದಾಗ ಬೆಳೀತಿದ್ರು, ಅಲ್ಲಿಗೆ ರೋಗ ಒಂದಿನ ಬಂದ ಬರತೈತಿ ಅಂತ ಇವ್ರು ಮೊದಲ ತಯಾರಿ ನಡೆಸಿದ್ರು. 1992ರಾಗ ಬಂದ ಬಿಡ್ತು. ಆ ವರ್ಷ ಪುನಾದಾಗ 5 ಕೋಟಿ 30 ಲಕ್ಷ ಪೌಂಡ್ ಹಣ್ಣು ಬಂದಿತ್ತು, 1998ಕ್ಕ 2 ಕೋಟಿ 60 ಲಕ್ಷಕ್ಕ ಇಳೀತು, ಅಂದ್ರ ಅರ್ಧ. ಅದ 1998ರ ಮೇ 1ರಂದು ರೈತರಿಗೆ ಹೊಸ ಬೀಜ ಪುಗಸಟ್ಟೆ ಹಂಚಿದ್ರು. ಎರಡು ತಳಿ, ಕೆಂಪು ತಿರುಳಿಂದು ಸನ್‌ಅಪ್, ಅದನ್ನ ಅಲ್ಲಿಯ ಕಪೋಹೊ ಅನ್ನೂ ಹಳದಿ ತಳಿಗೆ ಕೂಡಿಸಿ ಮಾಡಿದ್ದು ರೇನ್‌ಬೋ.

ಅದರಾಗ ಮಾಡಿದ್ದು ಏನಂದ್ರ, ವೈರಸ್ಸಿನ ಮೈಮ್ಯಾಲಿನ ಹೊದಿಕಿ ಪ್ರೋಟೀನಿನ ಜೀನ್ ತುಣುಕು ತೆಗೆದು ಗಿಡದಾಗ ಸೇರಿಸ್ಯಾರ. ಗಿಡ ಆ ತುಣುಕನ್ನ ಗುರುತು ಇಟ್ಕೋತೈತಿ, ಮುಂದ ಅದ ವೈರಸ್ ಬಂದ್ರ ಅದರ ಜೀನ್ ಹೊತ್ತ ಆರ್‌ಎನ್‌ಎ ಹಿಡಿದು ಕತ್ತರಿಸತೈತಿ. ಇಲ್ಲೇ ಒಂದು ಮಾತು ಲಕ್ಷ್ಯ ಕೊಟ್ಟು ಕೇಳ್ರಿ. ಬಂದ ವೈರಸ್ಸು ಗುರುತಿಗೆ ಭಾಳ ಹತ್ರ ಹೊಂದಬೇಕು, ಇಲ್ಲಂದ್ರ ಗಿಡ ಅದನ್ನ ಗುರುತ ಹಿಡಿಯಂಗಿಲ್ಲ. ರೇನ್‌ಬೋ ಹವಾಯಿ ವೈರಸ್ಸಿಗೆ ಗಟ್ಟಿ, ತೈವಾನ್ ಮತ್ತ ಥಾಯ್ಲೆಂಡ್ ವೈರಸ್ ಹಚ್ಚಿ ನೋಡಿದಾಗ ಬಿದ್ದು ಹೋತು. ನಮ್ಮ ದೇಶದಾಗ ಈ ವೈರಸ್ ಬ್ಯಾರೆ ಬ್ಯಾರೆ ನಮೂನಿ ಐತಿ. ಹಂಗಾಗಿ ನಿಮ್ಮ ನರ್ಸರಿಯವ ಖರೇನ ಹವಾಯಿಯಿಂದ ತಂದಿದ್ರೂ (ತಂದಿಲ್ಲ ಬಿಡ್ರಿ) ನಿಮ್ಮ ಹೊಲದಾಗ ನಿಲ್ಲತೈತಿ ಅಂತ ಯಾರೂ ಬರದು ಕೊಡಂಗಿಲ್ಲ.

ಪೇಟೆಂಟ್ ವಿಷಯ ನನಗ ಅಷ್ಟು ತಿಳಿಯಂಗಿಲ್ಲ, ತಿಳಿದವ್ರು ಹೇಳ್ರಿ.

ಗೋಳಗುಮ್ಮಟದ_ಮಗ:

ಅಣ್ಣಾರ ನಮಸ್ಕಾರ. ಊರು ಇಂಡಿ ತಾಲೂಕ, ಮನ್ಯಾಗ ಲಿಂಬಿ ತ್ವಾಟ ಅದ, ಆದ್ರ ನನ್ನ ಹೊಟ್ಟಿಪಾಡು ಬೆಂಗಳೂರಾಗ ಪೇಟೆಂಟ್ ಅರ್ಜಿ ಬರಿಯೂದು. ಈ ಹವಾಯಿ ಪಪ್ಪಾಯಿ ಕಥಿ ನಮ್ಮ ಧಂದೆದಾಗ ಭಾಳ ಮಂದಿಗೆ ಗೊತ್ತಿರೂ ಕಥಿ, ಯಾಕಂದ್ರ ಅದರಾಗ ಒಂದು ಚೋದ್ಯ ಅದ. ಮಾಡಿದವ್ರು ವಿಶ್ವವಿದ್ಯಾಲಯದವ್ರು, ರೊಕ್ಕ ಬಹುಪಾಲು ಸರಕಾರದ್ದು, ಬೆಳೆಯವ್ರು ಸಣ್ಣ ರೈತರು, ಹಂಗಿದ್ರೂ ಗಿಡ ಹೊಲದಾಗ ತಯಾರಾಗಿ ನಿಂತ ಮ್ಯಾಲೂ ಬೀಜ ಹಂಚಾಕ ಬರ್ಲಿಲ್ಲ. ಯಾಕಂದ್ರ ಗಿಡ ಇವ್ರದು, ಗಿಡ ಮಾಡೂ ದಾರಿಯೊಳಗಿನ ಒಂದೊಂದು ಹೆಜ್ಜಿ ಒಬ್ಬೊಬ್ಬರದು.

ನಮ್ಮ ಕಡೆ ಮಾತಿನಾಗ ಹೇಳಬೇಕಂದ್ರ ಇಳಕಲ್ ಸೀರಿ ಹಂಗ ತಿಳ್ಕೋರಿ. ನೇಯ್ದವ ನೀವು. ಆದ್ರ ಒಡಲಿಗೆ ಸೆರಗು ಕೂಡಿಸೂ ಕೊಂಡಿ ಹಾಕೂ ರೀತಿ ಮ್ಯಾಲ ಒಬ್ಬ ಹಕ್ಕು ಬರಿಸ್ಕೊಂಡಾನ, ಮಗ್ಗದ ಮ್ಯಾಲ ಇನ್ನೊಬ್ಬ, ಬಣ್ಣ ಅದ್ದೂ ರೀತಿ ಮ್ಯಾಲ ಮತ್ತೊಬ್ಬ. ಸೀರಿ ನಿಮ್ಮದ ಖರೆ, ಆದ್ರ ಇವ್ರೆಲ್ಲಾ ಹೂಂ ಅನ್ನೂ ತನಕ ಸಂತಿಗೆ ಒಯ್ಯಂಗಿಲ್ಲ. (ಖರೆ ಹೇಳಬೇಕಂದ್ರ ಕೊಂಡಿ ಹಾಕೂ ರೀತಿ ಯಾರ ಸ್ವತ್ತೂ ಅಲ್ಲ, ದೇವರ ದಯಾ, ಇದು ಬರೇ ಮಾತಿಗೆ.)

ಪಪ್ಪಾಯಿದಾಗ ಏನೇನಿತ್ತು ನೋಡ್ರಿ. ಜೀನ್ ಒಳಗ ಸೇರಿಸಿದ್ದು ಜೀನ್ ಗನ್ನಿಂದ, ಅಂದ್ರ ಜೀನ್ ಹಚ್ಚಿದ ಲೋಹದ ಪುಡಿಯನ್ನ ಜೀವಕೋಶದೊಳಗ ಹೊಡಿಯೂ ಯಂತ್ರದಿಂದ. ಅದನ್ನ ಕಾರ್ನೆಲ್‌ದಾಗ ಜಾನ್ ಸ್ಯಾನ್‌ಫರ್ಡ್ ಅನ್ನವ್ರು 1980ರ ದಶಕದಾಗ ಮಾಡಿದ್ರು, ಮೊದ್ಲ ಖರೇ ಬಂದೂಕಿನ ಮದ್ದು ಹಾಕಿ, ಟಂಗ್‌ಸ್ಟನ್ ಪುಡಿಯನ್ನ ಉಳ್ಳಾಗಡ್ಡಿಗೆ ಹೊಡದು ನೋಡಿದ್ರಂತ, ಆ ಖೋಲಿ ತುಂಬ ಉಳ್ಳಾಗಡ್ಡಿ ವಾಸನಿ ಎಷ್ಟಿತ್ತೋ ಏನೋ. ಅದರ ಕಂಪನಿ 1990ರಾಗ ಡ್ಯೂಪಾಂಟ್‌ಗೆ ಮಾರಾಟ ಆತು. ಇನ್ನ ವೈರಸ್ಸಿನ ಹೊದಿಕಿ ಪ್ರೋಟೀನ್ ಹಾಕಿದ್ರ ಗಿಡ ರೋಗ ತಡೀತದ ಅನ್ನೂ ವಿಚಾರದ ಪೇಟೆಂಟ್ ಮೊನ್ಸಾಂಟೊ ಕಂಪನಿದು. ಲೈಸೆನ್ಸ್ ಬೇಕಾದ್ದು ಮೊನ್ಸಾಂಟೊ, ಆಸ್‌ಗ್ರೋ ಬೀಜ ಕಂಪನಿ, ಅಮೆರಿಕಾದ ಎಂಐಟಿ ವಿಶ್ವವಿದ್ಯಾಲಯ ಮತ್ತ ಕ್ಯಾಂಬಿಯಾ ಅನ್ನೂ ಸಂಸ್ಥೆ, ಈ ನಾಕು ಕಡೆಯಿಂದ. ಇದರಾಗ ಕ್ಯಾಂಬಿಯಾದ್ದು ನನಗ ಭಾಳ ಮಜಾ ಅನಸ್ತದ. ಅದು ಗಸ್ ಅನ್ನೂ ಜೀನ್. ರೋಗ ತಡಿಯಂಗಿಲ್ಲ, ಹಣ್ಣು ಸಿಹಿ ಮಾಡಂಗಿಲ್ಲ, ರೈತಗ ಮೂರು ಕಾಸಿನ ಉಪಯೋಗ ಇಲ್ಲ. ಜೀನ್ ಒಳಗ ಕುಂತದೋ ಇಲ್ಲೋ ಅಂತ ಲ್ಯಾಬಿನ್ಯಾಗ ನೋಡಾಕ ಹಾಕಿದ್ದು, ಒಂದು ದ್ರಾವಣದಾಗ ಎಲಿ ಅದ್ದಿದ್ರ ನೀಲಿ ಆಗ್ತದ, ಅಷ್ಟ. ರಿಚರ್ಡ್ ಜೆಫರ್ಸನ್ ಅನ್ನವ್ರು ಕಂಡುಹಿಡಿದಿದ್ದು. ಪರೀಕ್ಷಾ ಮಾಡಾಕ ಹಾಕಿದ ಗುರ್ತು ಗಿಡದಾಗ ಉಳೀತು, ಗಿಡ ಹೊಲಕ್ಕ ಹೊರಟಿತು, ಗುರ್ತಿನ ಮಾಲಕನ್ನೂ ಕೇಳಬೇಕಾತು.

ಕೇಳಿದವ್ರು ಯಾರು ಅನ್ನೂದು ಇನ್ನೂ ಮುಖ್ಯ. ವಿಜ್ಞಾನಿಗಳಲ್ಲ, ವಿಶ್ವವಿದ್ಯಾಲಯಾನೂ ಅಲ್ಲ. ಪಪ್ಪಾಯಿ ಬೆಳೆಗಾರರದ್ದ ಒಂದು ಕಮಿಟಿ ಇತ್ತು, ಪಪ್ಪಾಯ ಅಡ್ಮಿನಿಸ್ಟ್ರೇಟಿವ್ ಕಮಿಟಿ ಅಂತ. ಅವ್ರು ವಕೀಲರನ್ನ ಇಟ್ಟು ನಾಕೂ ಕಡೆ ಕುಂತು ಮಾತಾಡಿ 1998ರ ಏಪ್ರಿಲ್‌ಗೆ ಲೈಸೆನ್ಸ್ ಮುಗಿಸ್ಕೊಂಡ್ರು, ಮರು ತಿಂಗಳ ಮೊದಲ ದಿನ ಬೀಜ ಹಂಚಿದ್ರು. ಕಂಪನಿಗಳು ಯಾಕ ಒಪ್ಪಿದ್ವು ಅಂದ್ರ, ಪಪ್ಪಾಯಿ ಸಣ್ಣ ಬೆಳಿ, ಅವ್ರ ಕಣ್ಣು ಸೋಯಾ ಗೋವಿನಜೋಳದ ಮ್ಯಾಲ ಅಂತ ನನ್ನ ಲೆಕ್ಕ. ಆದ್ರ ಒಂದು ಷರತ್ತು ಬಿತ್ತು: ಈ ಬೀಜ ಹವಾಯಿದಾಗ ಮಾತ್ರ ಬೆಳಿಬೇಕು. ಹಣ್ಣು ಹೊರಗ ಮಾರಬಹುದು, ಆ ದೇಶ ಒಪ್ಪಿದ್ರ. ಬೀಜ ಹೊರಗ ಹೋಗಂಗಿಲ್ಲ.

ಅಂದ್ರ ನಿಮ್ಮ ನರ್ಸರಿಯವ "ಪೇಟೆಂಟ್ ರೊಕ್ಕ ಅಲ್ಲಿಗೆ ಕಟ್ಟತೀನಿ" ಅಂದನಲ್ಲ, ಆ ಲೈಸೆನ್ಸಿನ್ಯಾಗ ಭಾರತಕ್ಕ ಕಟ್ಟಿಸ್ಕೊಳೂ ಖಾತೇನ ಇಲ್ಲ.

ಬಿಸಿಲ_ಬಿಜಾಪುರ:

ಸರ್ ಒಂದು ಅಡ್ಡ ಪ್ರಶ್ನಿ. ಅಮೆರಿಕಾದ ಪೇಟೆಂಟ್ ಅಮೆರಿಕಾದಾಗ ಮಾತ್ರ ನಡೀತದ ಅಂತ ಎಲ್ಲೋ ಓದೀನಿ. ಹಂಗಾದ್ರ ಯಾರರ ಅಲ್ಲಿಂದ ಹಣ್ಣು ತಂದು ಬೀಜ ಬಿತ್ತಿದ್ರ ಏನಾಗ್ತದ? ಕಳವು ಆಗ್ತದೋ ಇಲ್ಲೋ?

ಗೋಳಗುಮ್ಮಟದ_ಮಗ:

ಛಲೋ ಕೇಳಿದ್ರಿ. ಪೇಟೆಂಟ್ ಅನ್ನೂದು ದೇಶದೇಶಕ್ಕ ಬ್ಯಾರೆ, ಇಲ್ಲಿ ಅರ್ಜಿ ಹಾಕಿ ಪಡೀದಿದ್ರ ಇಲ್ಲಿ ಇಲ್ಲ. ಅದೂ ಅಲ್ದ 20 ವರ್ಷಕ್ಕ ಮುಗೀತದ, ಆ ಕಾಲದ ಜೀನ್ ಗನ್, ಹೊದಿಕಿ ಪ್ರೋಟೀನ್ ಪೇಟೆಂಟ್ ಎಲ್ಲಾ ಈಗ ಹಳೇ ಕಾಗದ. ಆದ್ರ ನಿಮ್ಮನ್ನ ತಡಿಯೂದು ಪೇಟೆಂಟ್ ಅಲ್ಲ. ಪರಿಸರ ಸಂರಕ್ಷಣಾ ಕಾಯ್ದೆ 1986ರ ಕೆಳಗ 1989ರಾಗ ನಿಯಮ ಬಂದಾವ, ಜೀನ್ ಬದಲಾಯಿಸಿದ ಗಿಡ ಹೊಲಕ್ಕ ಬರಬೇಕಂದ್ರ ದಿಲ್ಲಿಯ ಜಿಇಎಸಿ ಅನ್ನೂ ಸರಕಾರಿ ಸಮಿತಿ ಒಪ್ಪಿಗಿ ಬೇಕು. ನಮ್ಮ ದೇಶದಾಗ ರೈತ ಕಾಯದೆ ಪ್ರಕಾರ ಬೆಳೀತಿರೂ ಅಂಥಾ ಬೆಳಿ ಹುಳ ತಡಿಯೂ ಜೀನ್ ಹಾಕಿದ ಬಿಟಿ ಹತ್ತಿ ಒಂದ, 2002ರಿಂದ. ಪಪ್ಪಾಯಿಗೆ ಒಪ್ಪಿಗಿ ಇಲ್ಲ. ಮ್ಯಾಲ ಹೊರದೇಶದ ಬೀಜಕ್ಕ ಕ್ವಾರಂಟೈನ್ ಕಾಗದ ಬ್ಯಾರೆ.

ಇನ್ನ ಅಣ್ಣಾರ ಕೇಳಿದ್ದು, ಗಿಡದ ಮ್ಯಾಲೋ ರೀತಿ ಮ್ಯಾಲೋ ಅಂತ. ನಮ್ಮ ಪೇಟೆಂಟ್ ಕಾಯ್ದೆದಾಗ ಕಲಂ 3(ಜೆ) ಅಂತ ಅದ. ಗಿಡ, ಗಿಡದ ಭಾಗ, ಬೀಜ, ತಳಿ, ಮತ್ತ ನಿಸರ್ಗದ ರೀತಿಯಿಂದ ಗಿಡ ಬೆಳೆಸೂ ವಿಧಾನ, ಇವ್ಯಾವಕ್ಕೂ ಪೇಟೆಂಟ್ ಕೊಡಂಗಿಲ್ಲ. ಆದ್ರ ಲ್ಯಾಬಿನ್ಯಾಗ ಜೀನ್ ಸೇರಿಸೂ ವಿಧಾನ? ಅಲ್ಲೇ ಜಗಳ. ಮೊನ್ಸಾಂಟೊದ್ದು 214436 ನಂಬರಿನ ಪೇಟೆಂಟ್ ಇತ್ತು ನೋಡ್ರಿ, ಅದು ಹತ್ತಿ ಗಿಡದ ಮ್ಯಾಲ ಅಲ್ಲ, ಬಿಟಿ ಜೀನ್ ಹಾಕಿ ಗಿಡ ಬದಲಾಯಿಸೂ ವಿಧಾನ ಅಂತ ಅದರ ಹೆಸರು. ಬೀಜ ಮಾರೂ ನುಜಿವೀಡು ಸೀಡ್ಸ್ ಕಂಪನಿ ಮ್ಯಾಲ ಮೊನ್ಸಾಂಟೊದವ್ರು ಕೋರ್ಟಿಗೆ ಹೋದ್ರು. 2018ರ ಏಪ್ರಿಲ್‌ದಾಗ ದಿಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಜೀನ್ ಬೀಜದಾಗ ಹೊಕ್ಕ ಮ್ಯಾಲ ಅದು ಬೀಜಾನ, 3(ಜೆ) ಪ್ರಕಾರ ನಡಿಯಂಗಿಲ್ಲ ಅಂತ ಪೇಟೆಂಟ್ ಹಾರಿಸಿತು. 2019ರ ಜನವರಿದಾಗ ಸುಪ್ರೀಂ ಕೋರ್ಟ್, ಇಷ್ಟು ದೊಡ್ಡ ವಿಷಯ ಸಾಕ್ಷಿ ವಿಚಾರಣಿ ಇಲ್ದ ಹಿಂಗ ತೀರ್ಮಾನ ಮಾಡಂಗಿಲ್ಲ ಅಂತ ವಾಪಸ್ ಕಳಿಸಿತು. ವಿಚಾರಣಿ ಮುಗಿಯೂದರಾಗ ಅದ ವರ್ಷ ನವೆಂಬರ್‌ದಾಗ ಪೇಟೆಂಟಿನ ಆಯುಷ್ಯಾನ ಮುಗೀತು, 2021ರಾಗ ಇಬ್ರೂ ರಾಜಿ ಆದ್ರು. ಹಂಗಾಗಿ ವಿಧಾನದ ಪೇಟೆಂಟ್ ಬೀಜದ ತನಕ ಬಂದು ರೈತನ ಹೊಲದಾಗ ಹೊಕ್ಕತೈತೋ ಇಲ್ಲೋ ಅನ್ನೂದಕ್ಕ ಸುಪ್ರೀಂ ಕೋರ್ಟಿನ ಕಡೇ ಮಾತು ಆ ಕೇಸಿನ್ಯಾಗ ಬರ್ಲೇ ಇಲ್ಲ. ನಮ್ಮಂಥವ್ರಿಗೆ ಹೊಟ್ಟಿ ತುಂಬಾಕ ಅಷ್ಟು ಸಾಕು.

ಚೀಟಿದು ಹೇಳ್ತೀನಿ. ಬೀಜ ತೆಗೆದ್ರ ಕಾನೂನು ಕ್ರಮ ಅಂತ ಬರದಾನಲ್ಲ, 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಕಲಂ 39 ಓದಿದ್ರ, ನೋಂದಣಿ ಆದ ತಳಿ ಇದ್ರೂ ರೈತ ತನ್ನ ಬೆಳಿಯಿಂದ ಬೀಜ ಇಟ್ಕೋಬಹುದು, ಬಿತ್ತಬಹುದು, ಬಾಜೂದವ್ರಿಗೆ ಕೊಡಬಹುದು, ಮಾರಬಹುದು. ಅವ್ರ ಬ್ರ್ಯಾಂಡ್ ಪಾಕೀಟು ಮಾಡಿ ಮಾರಂಗಿಲ್ಲ, ಅಷ್ಟ. 2019ರಾಗ ಗುಜರಾತಿನ ಆಲೂಗಡ್ಡಿ ರೈತರ ಮ್ಯಾಲ ಪೆಪ್ಸಿಕೋ ಕೇಸ್ ಹಾಕಿ, ಗದ್ದಲ ಆದ ಮ್ಯಾಲ ಹಿಂದ ತಗೊಂಡಿದ್ದು ನೆನಪದ ಅಲ್ಲ? ಅದು ಪೇಟೆಂಟ್ ಅಲ್ಲ, ಈ ತಳಿ ಕಾಯ್ದೆದ್ದು.

ಕುಡಚಿ_ಕಾಕಾ:

ಗುಮ್ಮಟದ ಸಾಹೇಬ್ರು ಭಾಳ ತಿಳಿಸಿ ಹೇಳಿದ್ರಿ. ಆದ್ರ ಕೋರ್ಟಿನ ಕಾಗದ ಬ್ಯಾರೆ, ನಮ್ಮ ಕಿಸೆ ಬ್ಯಾರೆ. ಬಿಟಿ ಹತ್ತಿ ಬಂದ ಹೊಸದರಾಗ 450 ಗ್ರಾಂ ಪಾಕೀಟಿಗೆ 1,600 ಮ್ಯಾಲ ಕೊಟ್ಟೀವಿ ನಾವು, ಅದರಾಗ ಬೀಜದ ಬೆಲಿಗಿಂತ ಪೇಟೆಂಟ್ ಕಂಪನಿಗೆ ಹೋಗೂ ಜೀನಿನ ಬೆಲಿ ಹೆಚ್ಚು. 2006ರಾಗ ಆಂಧ್ರ ಸರಕಾರ ಗುದ್ದಾಡಿದ ಮ್ಯಾಲ 750ಕ್ಕ ಇಳೀತು. 2016ರಿಂದ ಕೇಂದ್ರ ಸರಕಾರ ರೇಟು ಕಟ್ಟಿತು, ಜೀನಿನ ರೊಕ್ಕ ಪಾಕೀಟಿಗೆ 49, ಆಮ್ಯಾಲ 39, ಆಮ್ಯಾಲ 20, 2020ಕ್ಕ ಸೊನ್ನಿ. ಅಷ್ಟೊತ್ತಿಗೆ ಗುಲಾಬಿ ಹುಳ ಜೀನಿಗೆ ಒಗ್ಗಿ ಹೋಗಿತ್ತು. ರೊಕ್ಕ ಕೊಟ್ಟಾಗ ಹುಳ ಸತ್ತಿತು, ಪುಕ್ಕಟೆ ಆಗೂದರಾಗ ಹುಳ ಗೆದ್ದಿತು.

ಇನ್ನೊಂದು. ನಮ್ಮ ಊರಿನ ಹೆಸರು ಹೊತ್ತ ಬದನಿಕಾಯಿ ಐತಿ, ಕುಡಚಿ ಬದನಿ. ಬಿಟಿ ಬದನಿ ಮಾಡೂವಾಗ ಕರ್ನಾಟಕದ ಸ್ಥಳೀಯ ತಳಿ ತಗೊಂಡ್ರಲ್ಲ, ಮಾಳಾಪುರ, ಕುಡಚಿ, ಉಡುಪಿ, ಇವೆಲ್ಲಾ ಅದರಾಗ ಇದ್ವು. ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಇಲ್ದ ತಗೊಂಡಾರ ಅಂತ 2010ರಾಗ ದೂರು ಹೋತು. ಅದ ವರ್ಷ ಫೆಬ್ರವರಿದಾಗ ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಬಿಟಿ ಬದನಿಗೆ ತಡಿ ಹಾಕಿದ್ರು, ಇವತ್ತಿಗೂ ಹಂಗ ಐತಿ. ನಾ ಕೇಳೂದು ಇಷ್ಟ: ಜೀನ್ ಹಾಕೂ ವಿಧಾನಕ್ಕ ಪೇಟೆಂಟ್ ಇದ್ದವಗ ರಾಯಲ್ಟಿ, ನೀಲಿ ಬಣ್ಣ ಕಂಡುಹಿಡಿದವಗೂ ಲೈಸೆನ್ಸ್, ನಮ್ಮವ್ವ ಅಜ್ಜಿ ಮುತ್ತಜ್ಜಿ ಛಲೋ ಕಾಯಿ ಆರಿಸಿ ಬೂದಿ ಹಚ್ಚಿ ಬೀಜ ಕಟ್ಟಿಟ್ಟು ಮಾಡಿದ ಬದನಿಗೆ ಏನು?

ಅಥಣಿ_ದ್ರಾಕ್ಷಿ:

ಕಾಕಾರ ನಿಮ್ಮ ಸಿಟ್ಟು ಖರೆ, ಆದ್ರ ಪೇಟೆಂಟ್ ಇಲ್ಲಂದ್ರ ಯಾವ ಕಂಪನಿ ಹತ್ತು ಹದಿನೈದು ವರ್ಷ ರೊಕ್ಕ ಸುರೀತೈತಿ ಹೇಳ್ರಿ. ಹಂಗಂತ ಎಲ್ಲಾ ಪೇಟೆಂಟಿಂದಾನ ಆಗತೈತಿ ಅಂತಾನೂ ಅಲ್ಲ. ಪಪ್ಪಾಯಿಗೆ ಬಿಳಿ ಹಿಟ್ಟು ತಿಗಣಿ ಬಂದಿತ್ತು ನೆನಪೈತೇನು, 2008ರಾಗ ಕೊಯಮತ್ತೂರು ಕಡೆ ಕಾಣಿಸ್ಕೊಂಡು ಎಲ್ಲಾ ಕಡೆ ಹರಡಿತ್ತು. 2010ರಾಗ ಪೋರ್ಟೊರಿಕೊದಿಂದ ಒಂದು ಸಣ್ಣ ಕಣಜದ ಹುಳ ತರಿಸಿ ಬೆಂಗಳೂರಿನ ವಿಜ್ಞಾನಿಗಳು ಬೆಳೆಸಿ ಬಿಟ್ರು, ಒಂದೆರಡು ವರ್ಷದಾಗ ತಿಗಣಿ ಕಾಟ ಮುಗೀತು. ಆ ಹುಳಕ್ಕ ಯಾರೂ ರಾಯಲ್ಟಿ ಕೇಳಲಿಲ್ಲ, ಯಾರಿಗೂ ಅದರ ನೆನಪೂ ಇಲ್ಲ.

ಗೋಳಗುಮ್ಮಟದ_ಮಗ:

ಕುಡಚಿ ಕಾಕಾರ ಪ್ರಶ್ನಿಗೆ ನನ್ನ ಹತ್ರ ವಕೀಲಿ ಉತ್ತರ ಅದ, ಸಮಾಧಾನದ ಉತ್ತರ ಇಲ್ಲ. ಜೀವವೈವಿಧ್ಯ ಕಾಯ್ದೆ 2002ರಾಗ ಲಾಭ ಹಂಚಿಕಿ ಅಂತ ಬರದಾರ, ಆದ್ರ ಆ ಲಾಭ ಒಂದು ಊರಿನ ಮುದುಕಿ ಕೈಗೆ ಬಂದಿದ್ದು ನಾ ನೋಡಿಲ್ಲ.

ಒಂದು ಮಾತು ಸೇರಿಸ್ತೀನಿ, ಯಾಕಂದ್ರ ಮುಂದಿನ ಆಟ ಬ್ಯಾರೆ ಅದ. ಈಗ ಜೀನ್ ಗನ್ ಹಳೇದಾತು, ಕ್ರಿಸ್ಪರ್ ಅನ್ನೂ ಜೀನ್ ಕತ್ತರಿ ಬಂದದ. ಹೊರಗಿನ ಜೀನ್ ಹಾಕದ, ಗಿಡದ್ದ ಜೀನಿನ್ಯಾಗ ಒಂದೆರಡು ಅಕ್ಷರ ತಿದ್ದೂದು. 2022ರ ಮಾರ್ಚ್‌ದಾಗ ನಮ್ಮ ಸರಕಾರ ಅಂಥಾ ಗಿಡಕ್ಕ 1989ರ ನಿಯಮದ ಬಹಳಷ್ಟು ಕಟ್ಟು ಸಡಿಲ ಮಾಡ್ತು, ಹೊರಗಿನ ಡಿಎನ್‌ಎ ಉಳಿದಿರಬಾರದು ಅನ್ನೂ ಷರತ್ತಿನ ಮ್ಯಾಲ. 2025ರ ಮೇದಾಗ ಐಸಿಎಆರ್ ಅನ್ನೂ ಕೇಂದ್ರ ಸರಕಾರದ ಕೃಷಿ ಸಂಶೋಧನಾ ಸಂಸ್ಥೆ ಹಿಂಗ ತಿದ್ದಿದ ಎರಡು ಭತ್ತದ ತಳಿ ಹೊರಗ ಬಿಡ್ತು. ಬಾಳಿಹಣ್ಣಿನ ಮ್ಯಾಲ ಮೊಹಾಲಿ ಸಂಸ್ಥೆಯವ್ರು ಮಾಡ್ಯಾರ, ಗ್ರ್ಯಾಂಡ್ ನೈನ್‌ದಾಗ ಬೀಟಾ ಕೆರೋಟಿನ್ ಹೆಚ್ಚಿಸಿದ್ದು. ಆದ್ರ ಕತ್ತರಿ ಯಾರದು? ಕ್ರಿಸ್ಪರ್ ಪೇಟೆಂಟಿಗೆ ಬರ್ಕ್‌ಲೀ ಒಂದು ಕಡೆ ಬ್ರಾಡ್ ಸಂಸ್ಥೆ ಒಂದು ಕಡೆ ವರ್ಷಗಟ್ಟಲೆ ಹೊಡೆದಾಡ್ಯಾರ, ಬೆಳಿ ಮ್ಯಾಲ ಬಳಸೂ ಲೈಸೆನ್ಸ್ ಬೇಕಂದ್ರ ಕಾರ್ಟೀವಾ ಅನ್ನೂ ಬೀಜ ಕಂಪನಿ ಬಾಗಿಲಿಗೆ ಹೋಗಬೇಕಾಗ್ತದ. ಸಂಶೋಧನೆಗೆ ಪುಕ್ಕಟೆ ಕೊಡ್ತಾರ, ಮಾರಾಕ ಹೊಂಟಾಗ ಮಾತು. ಅಂದ್ರ ಹವಾಯಿ ಕಥೀನ ಮತ್ತ.

ಇನ್ನ ಪೇಟೆಂಟ್ ಕಾಯೂ ರೀತಿ ನೋಡಬೇಕಂದ್ರ ಡೆಲ್ ಮಾಂಟೆ ಗುಲಾಬಿ ಅನಾನಸ್ ನೋಡ್ರಿ. ಕೋಸ್ಟರಿಕಾದಾಗ ಬೆಳೀತಾರ, 2020ರಿಂದ ಅಮೆರಿಕಾದಾಗ ಮಾರ್ತಾರ. ಅನಾನಸ್ ಅಂದ್ರ ತಲಿ ಮ್ಯಾಲ ಎಲಿ ಜುಟ್ಟು ಇರ್ತದಲ್ಲ, ಅದನ್ನ ನೆಟ್ರ ಗಿಡ ಬರ್ತದ. ಇವ್ರು ಜುಟ್ಟು ಕತ್ತರಿಸಿ ಡಬ್ಬಿದಾಗ ಹಾಕಿ ಮಾರ್ತಾರ. ಕೋರ್ಟಿಗಿಂತ ಕುಡಗೋಲು ಛಲೋ ಅಂತ ತಿಳದಾರ.

ಎಲಿಚುಕ್ಕಿ:

ಗುಮ್ಮಟದ ಸರ್ ನೀಲಿ ಅಂದ ಕೂಡ್ಲೇ ನನಗ ಒಂದು ಹೊಳೀತು. ರೇನ್‌ಬೋ, ಸನ್‌ಅಪ್ ಎರಡರಾಗೂ ಗಸ್ ಜೀನ್ ಐತಿ. ಕಾಕಾರ, ಆ ನರ್ಸರಿಯವ ನಮೂನಿಗೆ ಅಂತ ಸಸಿ ಏನರ ಕೊಟ್ಟಾನೇನು? ಕೊಟ್ಟಿದ್ರ ಬಾಗಲಕೋಟಿಗೆ ಬಂದಾಗ ತರ್ರಿ, ಎಲಿ ಕಿತ್ತು ಹಸಿ ಅರಿವಿದಾಗ ಸುತ್ತಿ.

ಹೊಳಿದಂಡಿ_ಜಮಖಂಡಿ:

ಎರಡು ಸಸಿ ಕೊಟ್ಟಾನವ್ವಾ. ಸೋಮವಾರ ಕೆಲಸ ಐತಿ ಬಾಗಲಕೋಟ್ಯಾಗ, ತರ್ತೀನಿ.

ಎಲಿಚುಕ್ಕಿ:

ಕಾಕಾರು ತಂಬಿಗಿದಾಗ ನೀರು ಹಾಕಿ ಅದರಾಗ ಎಲಿ ಇಟ್ಕೊಂಡು ಬಸ್ಸಿನ್ಯಾಗ ತಂದಿದ್ರು, ಅರಿವಿ ಮರತಿದ್ರಂತ. ಎಲಿ ಸಣ್ಣ ಸಣ್ಣ ಬಿಲ್ಲಿ ಹಂಗ ಕತ್ತರಿಸಿ ದ್ರಾವಣದಾಗ ಹಾಕಿ 37 ಡಿಗ್ರಿದಾಗ ರಾತ್ರಿ ಇಟ್ವಿ. ಬಾಜೂಕ ನಮ್ಮ ಲ್ಯಾಬಿನ ಗಸ್ ಇರೂ ತಂಬಾಕು ಎಲಿ ಒಂದು ಬಿಲ್ಲಿ, ನನ್ನ ಹತ್ರ ಇರೂ ಸಾದಾ 786 ಎಲಿ ಒಂದು ಬಿಲ್ಲಿ. ಮುಂಜಾನೆ ತೆಗೆದು ಆಲ್ಕೋಹಾಲಿನ್ಯಾಗ ತೊಳದು ಹಸರು ಕಳದ್ವಿ. ತಂಬಾಕು ಇಂಕು ಚೆಲ್ಲಿದಂಗ ನೀಲಿ. 786 ಬೆಳ್ಳಗ. ನರ್ಸರಿದು ಎರಡೂ ಸಸಿ ಬೆಳ್ಳಗ. ಹವಾಯಿದು ಆಗಿದ್ರ ನೀಲಿ ಬರಬೇಕಿತ್ತು. ಅದು ಸಾದಾ ಪಪ್ಪಾಯಿರಿ, ಎಲಿ ಆಕಾರ ನೋಡಿದ್ರ 786 ಅಂತ ನನ್ನ ಅಂದಾಜು.

ಕಾಕಾರ, ಹಚ್ಚೂದ ಆದ್ರ ಹಿಂಗ ಮಾಡ್ರಿ. ಸಸಿಯನ್ನ ಹೇನು ಹೊಗದ ಸಣ್ಣ ಕಣ್ಣಿನ ನೈಲಾನ್ ಪರದೆ ಒಳಗ ಬೆಳೆಸಿದವ್ರ ಹತ್ರ ತಗೋರಿ, ಹೊಲದ ಸುತ್ತ ಒಂದು ತಿಂಗಳ ಮೊದ್ಲ ಗೋವಿನಜೋಳ ಒತ್ತಾಗಿ ಹಾಕ್ರಿ. ಹೇನು ಮೊದ್ಲ ಅಲ್ಲಿ ಚುಚ್ಚಿ ಬಾಯಿ ಒರಿಸ್ಕೊಂಡು ಬರತೈತಿ. ಬಾಜೂಕ ಸೌತಿ, ಕುಂಬಳ ಬ್ಯಾಡ, ಅದಕ್ಕೂ ಈ ವೈರಸ್ ಹತ್ತತೈತಿ. ಹಳೇ ಗಿಡ ಒಂದೂ ಬಿಡಬ್ಯಾಡ್ರಿ, ಕಾಯಿ ಐತಿ ಅಂತ ಆಸೆಕ್ಕ ಇಟ್ಟ ಒಂದ ಗಿಡ ಹೊಸಾ ತ್ವಾಟ ಪೂರಾ ಹಾಳ ಮಾಡತೈತಿ. ಪೂರಾ ತಪ್ಪಂಗಿಲ್ಲ, ಆದ್ರ ರೋಗ ಎರಡು ಮೂರು ತಿಂಗಳ ತಡಾ ಬಂದ್ರ ಮೊದಲ ಕೊಯ್ಲು ಕೈಗೆ ಸಿಗತೈತಿ.

ಹೊಳಿದಂಡಿ_ಜಮಖಂಡಿ:

ಎಲ್ಲಾರಿಗೂ ಶರಣ್ರಿ. ನಿನ್ನೆ ಹೋಗಿದ್ದೆ. ಎಲಿ ನೀಲಿ ಆಗ್ಲಿಲ್ಲಲ್ಲೋ ಅಂದೆ, ಅವಗ ತಿಳೀಲಿಲ್ಲ, ತಿಳೀಲಾರದ್ದಕ್ಕ ಇನ್ನೂ ಅಂಜಿದ. ಪೇಟೆಂಟ್ ನಂಬರ್ ಬರದು ಕೊಡು, ಬೆಂಗಳೂರಾಗ ನಮ್ಮ ಮಂದಿ ಅದಾರ ತೋರಿಸ್ತೀನಿ ಅಂದೆ. "ಪೇಟೆಂಟ್ ಅಂದ್ರ ನಮ್ಮ ನರ್ಸರಿ ಹೆಸರು ಅಂತ ಅರ್ಥರಿ ಸಾಹುಕಾರ್ರ" ಅಂದ. ಬಾಯಿ ತೆಗೀಲಿಲ್ಲ ನಾನು, ಸುಮ್ನ ಕುಂತೆ. ಚಾ ತರಿಸಿದ. ಎರಡನೇ ಚಾ ಬರೂದರಾಗ 4,000 ವಾಪಸ್ ಕೊಟ್ಟ, ಸಾವಿರ ರೂಪಾಯಿ ಖರ್ಚಾಗೇತಿ ಅಂದ, ಹೋಗ್ಲಿ ಅಂತ ಬಿಟ್ಟು ಬಂದೆ.

ಹಳೇ ಗಿಡ ಎಲ್ಲಾ ಕಡಿಸಿದೆ. ಮನಿ ಹಿಂದಿನ ಒಂದು ಗಿಡಕ್ಕ ನಮ್ಮವ್ವ ಕೈ ಹಚ್ಚಗೊಡವಲ್ಲಳು, ಪಲ್ಯಾಕ್ಕ ಕಾಯಿ ಬೇಕಂತ. ಗೋವಿನಜೋಳ ಮೂರು ಸಾಲು ಬಿತ್ತೀನಿ ಸುತ್ತೂ ಕಡೆ. ಎಲಿಚುಕ್ಕಿ ತಂಗೀ, ಆ ತಂಬಿಗಿ ನಿಮ್ಮ ಲ್ಯಾಬಿನ್ಯಾಗ ಉಳದೈತಿ, ಹಿತ್ತಾಳಿದು, ಮದವಿದು. ಮುಂದಿನ ಸೋಮವಾರ ಬರ್ತೀನಿ, ಎತ್ತಿ ಇಡವ್ವಾ.